ಮಾವ ಅಂಗಿ ತೊಡದ ಬೇಸಿಗೆ

ಶಾಲೆಗೆ ಬೇಸಿಗೆ ರಜೆ ಕೊಟ್ಟ ದಿನ ನನ್ನ ಮಗಳು ಬ್ಯಾಗನ್ನು ಬಾಗಿಲಲ್ಲೇ ಎಸೆದು, “ಅಜ್ಜಾ, ಸೂಟಿ ಬಿತ್ತೂ” ಎಂದು ಕೂಗುತ್ತ ಒಳಗೆ ಓಡಿಬಂದಳು. ನನ್ನ ಮಾವ ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದರು. ಅವಳು ಎರಡೂ ಕೈಗಳಿಂದ ಅವರನ್ನು ತಬ್ಬಿಕೊಂಡಳು. ಆಗ ಮಾವನ ಬಾಯಿಂದ ಹೊರಟಂಥ ಸದ್ದನ್ನು ನಾನು ಅಲ್ಲಿಯವರೆಗೆ ಯಾವ ಮನುಷ್ಯರ ಬಾಯಿಂದಲೂ ಕೇಳಿರಲಿಲ್ಲ. ಅವರು ಮಗುವನ್ನು ಕಿತ್ತು ದೂರ ನೂಕಿದರು. ಅವಳು ನನ್ನ ಹೊಲಿಗೆ ಮಷೀನಿನ ಕಾಲಿಗೆ ಬಡಿದು ಬಿದ್ದಳು. ಪೆಟ್ಟೇನೂ ಆಗಿರಲಿಲ್ಲ, ಆದರೆ ಅಳುವುದನ್ನೂ ಮರೆತು ಅಜ್ಜನ ಮುಖವನ್ನೇ ನೋಡುತ್ತಿದ್ದಳು. ಮಾವ ಎದ್ದರು. ಎಡಗೈಯನ್ನು ಮೈಯಿಂದ ದೂರ ಹಿಡಿದುಕೊಂಡು ಒಳಕೋಣೆಗೆ ಹೋಗಿ ಅಗಳಿ ಹಾಕಿಕೊಂಡರು.

ಆ ಬಾಗಿಲು ಮತ್ತೆ ಮೊದಲಿನಂತೆ ತೆರೆದುಕೊಳ್ಳಲು ಇಡೀ ಬೇಸಿಗೆ ಕಳೆಯಬೇಕಾಯಿತು.

ನಾವಿರುವುದು ದಾಂಡೇಲಿಯಲ್ಲಿ. ಮಾವ ಧಾರವಾಡ ಜಿಲ್ಲೆಯ ಹಳ್ಳಿಯಿಂದ ಹರೆಯದಲ್ಲೇ ಇಲ್ಲಿಯ ಕಾಗದದ ಮಿಲ್ಲಿಗೆ ಕೆಲಸಕ್ಕೆ ಬಂದವರು. ನಿವೃತ್ತರಾಗಿ ಬಹಳ ವರ್ಷಗಳಾಗಿವೆ. ನನ್ನ ಗಂಡ ಈಗ ಅದೇ ಮಿಲ್ಲಿನಲ್ಲಿ ಪಾಳಿಯ ಮೇಲೆ ದುಡಿಯುತ್ತಾರೆ. ನಾನು ಮನೆಯಲ್ಲೇ ಜಂಪರು, ಫ್ರಾಕು ಹೊಲಿದುಕೊಡುತ್ತೇನೆ. ನಾನು ಈ ಮನೆಗೆ ಬರುವ ಮೊದಲೇ ಅತ್ತೆ ತೀರಿಕೊಂಡಿದ್ದರು. ಹೀಗಾಗಿ ಗಂಡ ಮೊದಲ ಪಾಳಿಗೆ ಹೋದ ದಿನ, ಮಗಳು ಶಾಲೆಯಿಂದ ಬರುವವರೆಗೆ, ಮನೆಯಲ್ಲಿ ಮಾವ ಮತ್ತು ನಾನು ಇಬ್ಬರೇ.

ಇಬ್ಬರೇ ಇದ್ದರೂ ನಮ್ಮ ನಡುವೆ ಮಾತಿರಲಿಲ್ಲ. ಜಗಳವೆಂದಲ್ಲ. ಮಾವ ಹಳೆಯ ರೀತಿಯ ಮನುಷ್ಯ. ತುಂಬುತೋಳಿನ ಬಿಳಿ ಅಂಗಿ, ತಲೆಗೆ ಟೊಪ್ಪಿಗೆ ಇಲ್ಲದೆ ಅವರು ನನ್ನೆದುರು ಬಂದದ್ದೇ ಇಲ್ಲ. ಬೆಳಗಿನ ಸ್ನಾನ, ಲಿಂಗಪೂಜೆ ಮುಗಿಸಿ, ಅಂಗಿಯ ಗುಂಡಿಗಳನ್ನು ಕೊರಳವರೆಗೆ ಹಾಕಿಕೊಂಡೇ ಪಡಸಾಲೆಗೆ ಬರುತ್ತಿದ್ದರು. ಚಹಾ ಬೇಕಾದರೆ ಮೊಮ್ಮಗಳಿಗೆ ಹೇಳುತ್ತಿದ್ದರು. ಅವಳಿಲ್ಲದಾಗ ಗೋಡೆಯತ್ತ ನೋಡಿ, “ಚಹಾ ಆದ್ರ ಛಲೋ ಆಗ್ತಿತ್ತು” ಎನ್ನುತ್ತಿದ್ದರು. ನಾನೂ ತಲೆಯ ಮೇಲೆ ಸೆರಗು ಎಳೆದುಕೊಂಡು, “ತಂದೇನ್ರಿ ಮಾವಾರ” ಎಂದು ಲೋಟ ಇಟ್ಟು ಹೊರಟುಬಿಡುತ್ತಿದ್ದೆ. ಅದು ಇಬ್ಬರಿಗೂ ಒಗ್ಗಿಹೋಗಿತ್ತು.

ರೋಗ ಸುರುವಾದದ್ದು ಶಿವರಾತ್ರಿಯ ಹೊತ್ತಿಗೆ. ಎಡಗಡೆ ಬೆನ್ನಿನಿಂದ ಹೊರಟು ಬಗಲ ಕೆಳಗೆ ಹಾಯ್ದು ಎದೆಯವರೆಗೆ, ಒಂದು ಪಟ್ಟಿ ಎಳೆದಂತೆ ನೀರುಗುಳ್ಳೆಗಳು ಎದ್ದವು. ಸರ್ಪಸುತ್ತು. ಮಾವ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಸರ್ಪದ ತಲೆಯೂ ಬಾಲವೂ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂಬ ಮಾತು ಅವರನ್ನು ಹೆದರಿಸಿತ್ತು. ಪಕ್ಕದ ಮನೆಯ ಕಾಕಾನ ಮುಂದೆ ಮಾತ್ರ ಅಂಗಿ ಎತ್ತಿ ತೋರಿಸಿದರಂತೆ. ಕಾಕಾ ಬೆಳಗಾವಿ ಕಡೆಯವರು, ಮಾವನ ಜೊತೆಗೇ ಮಿಲ್ಲಿನಲ್ಲಿ ಇದ್ದವರು. ಇಬ್ಬರೂ ಮದುವೆಗೆ ಹೋಗುತ್ತೇವೆಂದು ಹೇಳಿ, ಬಸ್ಸು ಹಿಡಿದು ಜೊಯಿಡಾ ಕಡೆಯ ಕುಂಬಾರವಾಡಕ್ಕೆ ಹೋಗಿ, ಅಲ್ಲಿ ಒಬ್ಬರಿಂದ ಕೆಮ್ಮಣ್ಣು ಹಚ್ಚಿಸಿಕೊಂಡು ಬಂದರು. ಬಿಳಿ ಅಂಗಿಯ ಒಳಗೆ ಹತ್ತಿದ ಕೆಂಪು ಮಣ್ಣು ಒಗೆಯುವಾಗ ನನ್ನ ಕಣ್ಣಿಗೆ ಬಿದ್ದ ಮೇಲೆಯೇ ನಮಗೆ ಸಂಗತಿ ಗೊತ್ತಾಯಿತು. ಗಂಡ ಒತ್ತಾಯ ಮಾಡಿ ಡಾಕ್ಟರ ಹತ್ತಿರ ಕರೆದೊಯ್ದಾಗ ಗುಳ್ಳೆಗಳು ಒಣಗುತ್ತ ಬಂದಿದ್ದವು. ಮೊದಲ ಎರಡು ಮೂರು ದಿನಗಳಲ್ಲೇ ಬಂದಿದ್ದರೆ ಕೊಡುವ ಔಷಧ ಬೇರೆ ಇತ್ತು ಎಂದು ಡಾಕ್ಟರು ಹೇಳಿದರು.

ಗುಳ್ಳೆ ಒಣಗಿ ಹೊಪ್ಪಳಿಕೆ ಉದುರಿತು. ಚರ್ಮದ ಮೇಲೆ ಕಂದು ಕಲೆಗಳಷ್ಟೇ ಉಳಿದವು. ಎಲ್ಲ ಮುಗಿಯಿತು ಎಂದುಕೊಂಡೆವು. ನಿಜವಾದ ನೋವು ಆಮೇಲೆ ಬಂತು.

ಬಟ್ಟೆ ತಾಗಿದರೆ ಸಾಕು, ಕಾದ ಹಂಚು ಮುಟ್ಟಿಸಿದ ಹಾಗೆ ಮೈ ಸೆಟೆದು ಹಿಂದೆ ಸರಿಯುತ್ತಿದ್ದರು. ಮಗಳು ಬಂದು ಅಪ್ಪಿಕೊಂಡ ದಿನದಿಂದ ಅಂಗಿ ತೊಡುವುದನ್ನೇ ಬಿಟ್ಟರು. ಅಂಗಿ ತೊಡದೆ ಸೊಸೆಯೆದುರು ಬರುವುದು ಅವರಿಂದಾಗದು. ಅದಕ್ಕೇ ಆ ಅಗಳಿ. ನಾನು ತಾಟು ತಂದು ಬಾಗಿಲ ಮುಂದೆ ಇಟ್ಟು, “ಊಟ ಇಟ್ಟೇನ್ರಿ” ಎಂದು ಹೇಳಿ ಅಡುಗೆಮನೆಗೆ ಹೋಗುತ್ತಿದ್ದೆ. ನನ್ನ ಹೆಜ್ಜೆಯ ಸದ್ದು ದೂರವಾದ ಮೇಲೆ ಅಗಳಿ ಸರಿಯುತ್ತಿತ್ತು.

ಅದು ಏಪ್ರಿಲ್ ತಿಂಗಳು. ಹಂಚಿನ ಮನೆಯೊಳಗೆ ನಾವು ಬೆವರಿ ಬಸಿಯುತ್ತಿದ್ದೆವು. ಆ ಕೋಣೆಗಿರುವುದು ಒಂದೇ ಸಣ್ಣ ಕಿಟಕಿ. ಫ್ಯಾನಿನ ಗಾಳಿ ಬೀಸಿದರೂ ಮೈ ಉರಿಯುತ್ತದೆಂದು ಮಾವ ಅದನ್ನೂ ಹಾಕಿಕೊಳ್ಳುತ್ತಿರಲಿಲ್ಲ. ನಾನು ಮಷೀನಿನ ಮುಂದೆ ಕೂತರೆ ಒಳಗಿನಿಂದ ನರಳುವುದು ಕೇಳಿಸುತ್ತಿತ್ತು. ಮಷೀನು ನಿಲ್ಲಿಸಿದರೆ ಆ ಸದ್ದೂ ನಿಲ್ಲುತ್ತಿತ್ತು. ನಾನು ಕೇಳುತ್ತಿದ್ದೇನೆಂದು ಅವರಿಗೆ ತಿಳಿಯುತ್ತಿತ್ತು. ಅವರು ನರಳಲಿ ಎಂದೇ ನಾನು ಕೆಲಸವಿಲ್ಲದಾಗಲೂ ಹಳೇ ಬಟ್ಟೆಯ ಮೇಲೆ ಮಷೀನು ಓಡಿಸಿದ್ದುಂಟು.

ಗಂಡನಿಗೆ ಇದು ಅರ್ಥವಾಗುತ್ತಿರಲಿಲ್ಲ. “ಗಾಯ ಮಾಯ್ದು ಎಷ್ಟ ದಿನಾ ಆತು? ಮ್ಯಾಲ ಏನೂ ಕಾಣವಲ್ದು. ನೋವು ಎಲ್ಲಿಂದ ಬರ್ತೈತಿ?” ಎಂದು ನನ್ನನ್ನು ಕೇಳುತ್ತಿದ್ದರು. “ಹಲ್ಲ ಕೀಳಿಸ್ಕೊಂಡು ಬಂದು ಅವತ್ತ ಪಾಳಿಗೆ ಹೋದ ಮನಷ್ಯಾ ನಮ್ಮಪ್ಪ. ಹಿಂಗ ಚೀರೂದಂದ್ರ ಏನು?”

“ನಿಮ್ಮಪ್ಪನ ಕೇಳ್ರಿ. ನನಗೇನ ಗೊತ್ತು?”

“ಕೇಳಿದ್ರ ಮಾರಿ ತಿರುವ್ತಾನ.”

ಅವರಿಗೆ ಸಿಟ್ಟಿಗಿಂತ ಹೆಚ್ಚು ಹೆದರಿಕೆ ಇತ್ತು. ಅದು ನನಗೆ ಕಾಣುತ್ತಿತ್ತು. ಪಾಳಿ ಮುಗಿಸಿ ಬಂದವರು ಚಪ್ಪಲಿ ಕಳೆಯುವ ಮೊದಲೇ ಒಳಗಿನ ಸದ್ದಿಗೆ ಕಿವಿಗೊಡುತ್ತಿದ್ದರು.

ಗಂಡ ಒಬ್ಬರೇ ಮತ್ತೊಮ್ಮೆ ಡಾಕ್ಟರ ಹತ್ತಿರ ಹೋದಾಗ ಅವರು ಇದು ನರದ ನೋವು, ಸಾದಾ ನೋವಿನ ಗುಳಿಗೆಗೆ ಬಗ್ಗುವುದಿಲ್ಲ ಎಂದು ಹೇಳಿ ಬೇರೆ ಗುಳಿಗೆ ಬರೆದುಕೊಟ್ಟರು. ಕಡಿಮೆಯಿಂದ ಸುರು ಮಾಡಿ ಮೆಲ್ಲಗೆ ಏರಿಸಬೇಕು ಎಂದೂ ತಿಳಿಸಿ ಹೇಳಿದರು. ಮಾವ ಕೆಲವು ದಿನ ತಿಂದರು. ಆಮೇಲೆ ಔಷಧದ ಅಂಗಡಿಯಲ್ಲಿ ಯಾರೋ, ಈ ಗುಳಿಗೆ ಫಿಟ್ಸ್ ಬರುವವರಿಗೆ ಕೊಡುತ್ತಾರೆ ಎಂದು ಕಾಕಾನಿಗೆ ಹೇಳಿದರಂತೆ. ಅಂದು ಅಗಳಿ ಹಾಕಿದ ಕೋಣೆಯೊಳಗಿನಿಂದಲೇ ಮಗನ ಮೇಲೆ ಹರಿಹಾಯ್ದರು. “ನನಗೇನು ಫಿಟ್ಸ್ ಬರ್ತಾವೇನೋ? ಹುಚ್ಚ ಹಿಡದೈತಿ ಅಂತ ಹೇಳಿ ಬಂದೀಯೇನು ಡಾಕ್ಟರಗ?” ನರದ ಗುಳಿಗೆಯ ಪಟ್ಟಿ ಕಿಟಕಿಯ ಕಟ್ಟೆಯ ಮೇಲೆ ಹಾಗೇ ಉಳಿಯಿತು. ಅದರ ಬದಲು ಕಾಕಾನಿಂದ ಸಾದಾ ನೋವಿನ ಗುಳಿಗೆ ತರಿಸಿ ಬೇಕಾದಂತೆ ನುಂಗತೊಡಗಿದರು. ಹೊಟ್ಟೆಯಲ್ಲಿ ಉರಿ ಬಿತ್ತು. ಊಟದ ತಾಟು ಅರ್ಧಕ್ಕೆ ಮರಳಿ ಬರತೊಡಗಿತು. ಕಾಕಾ ನನ್ನೆದುರು ಕೈಚೆಲ್ಲಿದರು: “ನಾ ತರೂದಿಲ್ಲ ಅಂದ್ರ ತಾನ ಹೋಗ್ತೇನಿ ಅಂತಾನ, ಪೋರಿ. ಬಿಸಲಾಗ ಎಲ್ಲಿ ಬೀಳ್ತಾನೋ ಅಂತ ನನಗ ಕಾಳಜಿ.”

ಬಿದ್ದದ್ದು ಬಿಸಿಲಿನಲ್ಲಲ್ಲ, ಮನೆಯಲ್ಲೇ.

ಮೇ ತಿಂಗಳ ಒಂದು ಬೆಳಿಗ್ಗೆ. ಗಂಡ ಮೊದಲ ಪಾಳಿಗೆ ಹೋಗಿದ್ದರು. ಮಗಳು ಅಂಗಳದಲ್ಲಿ ಆಡುತ್ತಿದ್ದಳು. ಮಾವ ಸ್ನಾನಕ್ಕೆ ಹೋಗುವಾಗ ನಾನು ಪದ್ಧತಿಯಂತೆ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತೆ. ಅವರ ಹೆಜ್ಜೆ ಅಂದು ಎಳೆದೆಳೆದು ಬೀಳುತ್ತಿತ್ತು. ಗೋಡೆ ಹಿಡಿದು ನಡೆಯುತ್ತಿದ್ದಾರೆ ಅನಿಸಿತು. ಬಾತ್‌ರೂಮಿನ ಚಿಲಕ ಬಿದ್ದ ಸದ್ದಾಯಿತು. ನೀರು ತೋಡಿ ಹಾಕಿಕೊಳ್ಳುವ ಸದ್ದು ಬಂತು. ಆಮೇಲೆ ತಂಬಿಗೆ ನೆಲಕ್ಕೆ ಬಿದ್ದು ಉರುಳಿತು, ಅದರ ಬೆನ್ನಿಗೇ ಭಾರವಾದದ್ದೇನೋ ಕುಸಿಯಿತು.

“ಮಾವಾರ?”

ನಲ್ಲಿಯ ನೀರು ಬಕೆಟ್ಟಿಗೆ ಬೀಳುತ್ತಲೇ ಇತ್ತು.

“ಮಾವಾರ, ಏನಾತ್ರಿ? ಮಾತಾಡ್ರಿ!” ಬಾಗಿಲು ಬಡಿದೆ. ಭುಜದಿಂದ ನೂಕಿದೆ. ಒಳಗಿನ ಚಿಲಕ ಗಟ್ಟಿಯಾಗಿತ್ತು. ಬಾಗಿಲ ಕೆಳಗಿನ ಸಂದಿನಿಂದ ಹರಿದುಬಂದ ನೀರಿನಲ್ಲಿ ತೆಳ್ಳಗೆ ಕೆಂಪು ಕಂಡಿತು. ನಾನು ಹಿತ್ತಿಲ ಬಾಗಿಲಿನಿಂದಲೇ “ಕಾಕಾ! ಕಾಕಾ!” ಎಂದು ಕಿರುಚಿದೆ. ಕಾಕಾ ಬನಿಯನ್ನಿನಲ್ಲೇ ಓಡಿಬಂದರು. ಎರಡು ಸಲ ಒದ್ದರೂ ಬಾಗಿಲು ಜಗ್ಗಲಿಲ್ಲ. ಮನೆಗೆ ಹೋಗಿ ಹಾರೆ ತಂದು ಸಂದಿಗೆ ತೂರಿಸಿ ಮೀಟಿದಾಗ ಚಿಲಕ ಕಿತ್ತು ಬಂತು.

ಮಾವ ಗೋಡೆಗೆ ತಲೆಯಾನಿಸಿ ಓರೆಯಾಗಿ ಬಿದ್ದಿದ್ದರು. ಹುಬ್ಬಿನ ಮೇಲೆ ಒಡೆದು ರಕ್ತ ಕಣ್ಣಿಗೆ ಇಳಿಯುತ್ತಿತ್ತು. ಸೊಂಟದಲ್ಲಿ ಪಂಜೆಯ ತುಂಡೊಂದಿತ್ತು. ಕಣ್ಣು ಅರೆ ತೆರೆದಿದ್ದರೂ ನೋಟ ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಉಸಿರಾಡುತ್ತಿದ್ದಾರೋ ಇಲ್ಲವೋ ನನಗೆ ತಿಳಿಯಲಿಲ್ಲ. ಮೊದಲು ನನ್ನ ಕೈ ಹೋದದ್ದು ಗೂಟದ ಮೇಲಿನ ಟವೆಲ್ಲಿಗೆ. ಈ ಮನುಷ್ಯ ತನ್ನ ಬರಿಮೈಯನ್ನು ನನ್ನಿಂದ ಮುಚ್ಚಿಡಲೆಂದೇ ತಿಂಗಳೊಪ್ಪತ್ತು ಆ ಬೇಯುವ ಕೋಣೆಯಲ್ಲಿ ಕೂತಿದ್ದರು. ನಾನು ಟವೆಲ್ಲು ಬಿಚ್ಚಿ ಅವರ ಎದೆಯ ಮೇಲೆ ಹೊದಿಸಿದೆ.

ಅವರು ಕಿರುಚಿದರು. ಕಣ್ಣು ಪೂರ್ತಿ ತೆರೆದು, ನನ್ನ ಮುಖವನ್ನೇ ನೋಡುತ್ತ, “ತಗೀ! ತಗಿಯವಾ, ತಗೀ!” ಎಂದರು.

ಮಾವ ನನ್ನ ಮುಖ ನೋಡಿ ಆಡಿದ ಮೊದಲ ಮಾತು ಅದು.

ನಾನು ಟವೆಲ್ಲು ಕಿತ್ತೆಸೆದೆ. ಕಾಕಾ ಎರಡೂ ಕಂಕುಳಿಗೆ ಕೈ ಹಾಕಿ ಎತ್ತಲು ಬಗ್ಗಿದರು. “ಎಡಗಡೆ ಹಿಡೀಬ್ಯಾಡ್ರಿ ಕಾಕಾ! ಬಲಗಡೆ ಬರ್ರಿ!” ಎಂದು ನಾನು ಅವರನ್ನು ದೂಡಿಯೇಬಿಟ್ಟೆ. ಕಾಕಾ ಬಲಗಡೆಯಿಂದ ಎತ್ತಿದರು, ನಾನು ಕಾಲುಗಳನ್ನು ಹಿಡಿದೆ. ಸೆರಗು ಎಲ್ಲಿತ್ತೋ, ತಲೆ ಎಲ್ಲಿತ್ತೋ. ಕಾಕಾ ಓಣಿಯ ತುದಿಯಿಂದ ರಿಕ್ಷಾ ಕೂಗಿದರು. ಮಗಳನ್ನು ಅವರ ಹೆಂಡತಿಯ ಹತ್ತಿರ ಬಿಟ್ಟು ನಾನೂ ಹತ್ತಿದೆ. ದವಾಖಾನೆಯವರೆಗೂ ಮಾವ ಒಂದೊಂದು ಹೊಂಡಕ್ಕೂ ಹಲ್ಲು ಕಚ್ಚುತ್ತಿದ್ದರು. ಬಲಗೈ ಮಾತ್ರ ಎದೆಯ ಮುಂದೆ ಮುಷ್ಟಿ ಕಟ್ಟಿತ್ತು. ಕೊರಳಲ್ಲಿ ತೂಗುವ ಇಷ್ಟಲಿಂಗದ ಬೆಳ್ಳಿಯ ಕರಡಿಗೆ ಮೈಗೆ ತಾಗದಂತೆ ಅವರು ಅದನ್ನು ಎತ್ತಿ ಹಿಡಿದಿದ್ದರು. ಹಗಲೂ ಇರುಳೂ ಹೀಗೆಯೇ ಹಿಡಿದಿರುತ್ತಿದ್ದರೆಂದು ಆಮೇಲೆ ತಿಳಿಯಿತು.

ತಲೆಯೊಳಗೆ ಪೆಟ್ಟಾಗಿರಲಿಲ್ಲ, ಎಲುಬು ಮುರಿದಿರಲಿಲ್ಲ. ಹುಬ್ಬಿಗೆ ಹೊಲಿಗೆ ಹಾಕಿದರು. ಆದದ್ದೇನೆಂದರೆ, ಬೆಳಗಿನ ಜಾವ ತಡೆಯಲಾರದೆ ಮಾವ ಕಿಟಕಿಯ ಕಟ್ಟೆಯ ಮೇಲಿದ್ದ ನರದ ಗುಳಿಗೆಗಳನ್ನು ನಾಲ್ಕಾರು ಒಟ್ಟಿಗೆ ನುಂಗಿದ್ದರು. ಅದರ ಮೇಲೆ ನೋವಿನ ಗುಳಿಗೆ ಬೇರೆ. ತಲೆ ತಿರುಗಿ ಬಿದ್ದಿದ್ದರು. ಗಂಡ ಮಿಲ್ಲಿನಿಂದ ನೇರವಾಗಿ ಓಡಿಬಂದು, ಅಪ್ಪನ ಮಂಚದ ಹತ್ತಿರ ಹೋಗದೆ ಬಾಗಿಲಲ್ಲೇ ನಿಂತರು. “ಸಾಯಾಕಂತ ತಿಂದಾನೇನು?” ಎಂದು ನನ್ನನ್ನು ಕೇಳಿದರು. ನನಗೂ ಅದೇ ಸಂಶಯವಿತ್ತು.

ಆ ದವಾಖಾನೆಗೆ ಧಾರವಾಡದಿಂದ ವಾರಕ್ಕೊಮ್ಮೆ ಒಬ್ಬ ಲೇಡಿ ಡಾಕ್ಟರು ಬರುತ್ತಿದ್ದರು. ಬಹುದಿನದ ನೋವುಗಳನ್ನೇ ನೋಡುವವರು. ಎರಡು ದಿನ ಬಿಟ್ಟು ಅವರು ಬಂದಾಗ ನಾನು ಪರದೆಯ ಈಚೆ ಸ್ಟೂಲಿನ ಮೇಲೆ ಕೂತಿದ್ದೆ. ಗಂಡ ಒಳಗಿದ್ದರು. ಡಾಕ್ಟರು ಹತ್ತಿಯ ಎಳೆಯೊಂದನ್ನು ಮೈಮೇಲೆ ಆಡಿಸಿದರಂತೆ. ಮಾವ ಹಾ ಎಂದದ್ದು ನನಗೆ ಕೇಳಿಸಿತು. ಆಮೇಲೆ ಅಂಗೈಯನ್ನು ಅದೇ ಜಾಗದ ಮೇಲೆ ಗಟ್ಟಿಯಾಗಿ ಊರಿದಾಗ ಅಷ್ಟೊಂದು ಕೂಗಲಿಲ್ಲ.

“ಅಜ್ಜಾರ, ನೋವು ಖರೇನ ಐತಿ. ಚರ್ಮ ಮಾಯ್ದೈತಿ, ಒಳಗಿನ ನರ ಮಾಯ್ದಿಲ್ಲ. ಈ ಗುಳಿಗಿ ಫಿಟ್ಸಿಗೂ ಕೊಡ್ತಾರ, ನರದ ನೋವಿಗೂ ಕೊಡ್ತಾರ. ನಿಮಗ ಕೊಟ್ಟಿದ್ದು ನೋವಿಗೆ.”

“ಯಾವಾಗ ಪೂರ್ತಿ ಹೋಗ್ತೈತ್ರಿ ಮೇಡಂ?” ಗಂಡ ಕೇಳಿದರು.

“ಪೂರ್ತಿ ಹೋಗೇಬಿಡ್ತೈತಿ ಅಂತ ಹೇಳಾಕ ಬರೂದಿಲ್ಲ. ಕೆಲವರಿಗೆ ಹೋಗ್ತೈತಿ. ಕೆಲವರಿಗೆ ಕಮ್ಮಿಯಾಗಿ ಉಳೀತೈತಿ.”

“ಹಂಗಾದ್ರ ಗುಳಿಗಿ ಯಾಕ ತಿನ್ನಬೇಕು?” ಮಾವನ ದನಿ ಗಡುಸಾಗಿತ್ತು.

ಡಾಕ್ಟರು ತಿರುಗಿ ಕೇಳಿದರು: “ಈ ನೋವಿನಿಂದ ಏನ ಮಾಡಾಕ ಆಗವಲ್ದು ನಿಮಗ? ಒಂದ ಹೇಳ್ರಿ. ನಿದ್ದಿ? ಊಟ? ಏನು?”

ನಾನು ಎದ್ದು ಹೊರಗೆ ಹೋಗಬೇಕೆನ್ನುವಷ್ಟರಲ್ಲಿ ಮಾವ ಹೇಳಿದರು: “ಅಂಗಿ ಹಾಕ್ಕೊಳ್ಳಾಕ ಆಗವಲ್ದು. ಮನ್ಯಾಗ ಸೊಸಿ ಅದಾಳ.”

ಪರದೆಯ ಆಚೆ ಗಂಡ ಕೆಮ್ಮಿದರು. ನಾನು ನನ್ನ ಬೆರಳುಗಳನ್ನು ನೋಡುತ್ತ ಕೂತೆ.

“ಆತು. ಹಂಗಾದ್ರ ಅಂಗಿಯಿಂದನ ಸುರು ಮಾಡೂಣು,” ಎಂದರು ಡಾಕ್ಟರು.

ಅವರು ನನ್ನನ್ನೂ ಒಳಗೆ ಕರೆದರು. ಮಾವ ಮುಖ ಗೋಡೆಯ ಕಡೆ ಮಾಡಿದರು. ಡಾಕ್ಟರು ನಮಗೆ ಸಾವಕಾಶವಾಗಿ ತಿಳಿಸಿ ಹೇಳಿದರು. ನರದ ಗುಳಿಗೆ ವಯಸ್ಸಾದವರಿಗೆ ಬಹಳ ಕಡಿಮೆಯಿಂದ ಸುರುವಾಗಬೇಕು; ಅದನ್ನು ಕೊಡುವುದು ಮನೆಯವರ ಕೈಯಲ್ಲಿರಬೇಕು. ತಾವೇ ಹೆಚ್ಚು ಮಾಡಿಕೊಳ್ಳಬಾರದು, ಸಡನ್ನಾಗಿ ನಿಲ್ಲಿಸಲೂಬಾರದು. ಅಂಗಡಿಯ ನೋವಿನ ಗುಳಿಗೆ ಇನ್ನು ಬೇಡ, ಹೊಟ್ಟೆಗೂ ಮೂತ್ರಪಿಂಡಕ್ಕೂ ಕೆಟ್ಟದ್ದು. ಹಾಸಿಗೆಯಿಂದ ಏಳುವಾಗ ಮೊದಲು ಕೂತು, ಆಮೇಲೆ ನಿಲ್ಲಬೇಕು. ಬಾತ್‌ರೂಮಿಗೆ ಒಳಚಿಲಕ ಬೇಡ. ಮೈ ಮರಗಟ್ಟಿಸುವ ಮುಲಾಮು ಕೊಟ್ಟು, ಕೈಗೆ ಗ್ಲೌಸು ಹಾಕಿಕೊಂಡು ಬೆನ್ನಿನಿಂದ ಎದೆಯವರೆಗೆ ಹಚ್ಚಬೇಕು ಎಂದರು. ಕೊನೆಗೆ, “ಸಡ್ಲ ಬಟ್ಟಿ ತಾಗಿ ತಾಗಿ ಬಿಡ್ತೈತಿ, ಅದಕ್ಕ ಉರಿ ಜಾಸ್ತಿ. ಮೈಗೆ ಅಂಟಿ ಕೂಡೂವಂಥಾ ಮೆತ್ತನ್ನ ಬನಿಯನ್ ಆದ್ರ ತಡೀಬಹುದು. ನೋಡ್ರಿ, ಸಿಕ್ರ,” ಎಂದರು.

“ನಾ ಹೊಲೀತೇನ್ರಿ,” ಎಂದೆ.

ಸುದ್ದಿ ಕೇಳಿ ಹಳಿಯಾಳದ ಹತ್ತಿರದ ತೇರಗಾಂವದಿಂದ ಮಾವನ ಅಕ್ಕ ಬಂದರು. ನಾನು ಅವರನ್ನು ಅತ್ತಿ ಎಂದೇ ಕರೆಯುತ್ತೇನೆ. ವಯಸ್ಸಿನಲ್ಲಿ ಮಾವನಿಗಿಂತ ದೊಡ್ಡವರಾದರೂ ಹೊಲದ ಕೆಲಸ ಬಿಟ್ಟವರಲ್ಲ. ಬಂದವರೇ ಅಗಳಿ ಹಾಕಿದ ಬಾಗಿಲ ಮುಂದೆ ನಿಂತು, “ತಮ್ಮಾ, ತಗೀತೀಯೋ, ಹಾರಿ ತರಸ್ಲೋ?” ಎಂದರು. ಬಾಗಿಲು ತೆರೆಯಿತು. ಅವರೇ ಮುಲಾಮು ಹಚ್ಚತೊಡಗಿದರು. ಕರಡಿಗೆಯನ್ನು ಎತ್ತಿ ಹಿಡಿದ ಕೈ ನೋಡಿ ಊರಿನ ಮಠದ ಅಯ್ಯನವರಿಗೆ ಫೋನು ಹಚ್ಚಿಸಿ ಕೇಳಿದರು. ಅಯ್ಯನವರು, ಮೈಮೇಲೆ ಇದ್ದರಾಯಿತು, ಕೊರಳಲ್ಲೇ ಇರಬೇಕೆಂದೇನಿಲ್ಲ, ಬಲತೋಳಿಗೆ ಕಟ್ಟಿಕೊಳ್ಳಲಿ ಎಂದರು. ಮಾವ ಒಪ್ಪಲು ಇಡೀ ದಿನ ತೆಗೆದುಕೊಂಡರು. ಸಂಜೆಯ ಪೂಜೆ ಮುಗಿದ ಮೇಲೆ ಲಿಂಗವನ್ನು ಬಿಳಿ ಅರಿವೆಯಲ್ಲಿ ಸುತ್ತಿ ತೋಳಿಗೆ ತಾವೇ ಕಟ್ಟಿಕೊಂಡರು. ತಿಂಗಳುಗಳ ಮೇಲೆ ಬಲಗೈ ಖಾಲಿಯಾಗಿತ್ತು. ಅದನ್ನು ಎಲ್ಲಿ ಇಡಬೇಕೆಂದು ತಿಳಿಯದವರಂತೆ ತೊಡೆಯ ಮೇಲೆ ಇಟ್ಟು ತೆಗೆದು ಮಾಡುತ್ತಿದ್ದರೆಂದು ಅತ್ತಿ ಹೇಳಿದರು.

ನಾನು ಬನಿಯನ್ ಹೊಲಿಯಲು ಕೂತೆ. ಅಳತೆ ತೆಗೆಯುವಂತಿಲ್ಲ. ಹಳೆಯ ಅಂಗಿ ಹಾಸಿ ಅಂದಾಜು ಹಿಡಿದೆ. ಒಗೆದು ಒಗೆದು ಮೆತ್ತಗಾದ ಧೋತರದ ಅರಿವೆಯಲ್ಲಿ ಮೊದಲನೆಯದನ್ನು ಹೊಲಿದು ಬಾಗಿಲ ಸಂದಿನಿಂದ ಅತ್ತಿಯ ಕೈಗೆ ಕೊಟ್ಟೆ. ಸ್ವಲ್ಪ ಹೊತ್ತಿಗೇ ಅದು ಹಾರಿಬಂದು ಪಡಸಾಲೆಯಲ್ಲಿ ಬಿತ್ತು. ಒಳಗಿನಿಂದ, “ಕೊಲ್ಲಾಕ ಹೊಲದಾಳೇನು?” ಎಂದು ಕೇಳಿಸಿತು. ನನಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂದವು. ಅರಿವೆ ತಿರುವಿ ನೋಡಿದೆ. ಎಡಬಗಲ ಕೆಳಗಿನ ಹೊಲಿಗೆ ನೇರವಾಗಿ ನೋವಿನ ಪಟ್ಟಿಯ ಮೇಲೆಯೇ ಬರುತ್ತಿತ್ತು. ಎರಡನೆಯದಕ್ಕೆ ಎಡಗಡೆ ಹೊಲಿಗೆಯೇ ಇಲ್ಲದಂತೆ ಕತ್ತರಿಸಿದೆ. ಅದು ಸಡಿಲವಾಯಿತು, ಅದೂ ಹಾರಿಬಂತು. ಆಮೇಲೆ ಪೇಟೆಗೆ ಹೋಗಿ ಹಿಗ್ಗುವ ಹತ್ತಿ ಅರಿವೆ ತಂದೆ. ಎಡಗಡೆ ಒಂದೇ ತುಂಡು, ಬಲಗಡೆ ಪೂರ್ತಿ ತೆರೆದು ಕಟ್ಟಿಕೊಳ್ಳುವ ಲಾಡಿಗಳು. ತಲೆಯ ಮೇಲಿಂದ ಎಳೆಯುವ ಕೆಲಸವಿಲ್ಲ.

ಅದು ಹಾರಿಬರಲಿಲ್ಲ. ನಾನು ಮಷೀನಿನ ಮುಂದೆ ಕೈ ಕಟ್ಟಿಕೊಂಡು ಕಾಯುತ್ತಲೇ ಇದ್ದೆ. ಕೊನೆಗೆ ಅತ್ತಿ ಹೊರಗೆ ಬಂದು, “ಗಟ್ಟಿ ಕಟ್ಟು ಅಂದ. ಕಟ್ಟೇನಿ. ಕುಂತಾನ,” ಎಂದಷ್ಟೇ ಹೇಳಿ ನೀರು ಕುಡಿದರು.

ಮಳೆ ಸುರುವಾಗುವ ಮೊದಲು ಬಿತ್ತನೆಗೆಂದು ಅತ್ತಿ ಊರಿಗೆ ಹೋದರು. ಗಂಡನ ಪಾಳಿ ಹಗಲಿಗೆ ಬಂದ ವಾರ ಮುಲಾಮು ಹಚ್ಚುವವರು ಇರಲಿಲ್ಲ. ಮೊದಲ ದಿನ ಮಾವ ತಾವೇ ಎದೆಗೆ ಹಚ್ಚಿಕೊಂಡರು, ಬೆನ್ನು ಉಳಿಯಿತು. ಮರುದಿನವೂ ಹಾಗೆಯೇ. ಮೂರನೆಯ ದಿನ ಮಧ್ಯಾಹ್ನ ಒಳಗೆ ಏನೋ ಕುಟ್ಟುವ ಸದ್ದು ಕೇಳಿತು. ಅವರು ಬಲಮುಷ್ಟಿಯಿಂದ ಮಂಚದ ಹಲಗೆಯನ್ನು ಗುದ್ದುತ್ತಿದ್ದರು. ನಾನು ಬಾಗಿಲ ಹೊರಗೆ ಮುಲಾಮಿನ ಟ್ಯೂಬು ಹಿಡಿದು ನಿಂತೆ. ಕೂಗಲೋ ಬೇಡವೋ ತಿಳಿಯಲಿಲ್ಲ. ಕೂಗಿದರೆ ಅವರಿಗೆ ಅವಮಾನ, ಕೂಗದಿದ್ದರೆ ಈ ಗುದ್ದು.

“ಮಾವಾರ, ನಾ ಹಚ್ಲೇನ್ರಿ?”

ಗುದ್ದುವುದು ನಿಂತಿತು. ಅವರು ಇಲ್ಲ ಎಂದಿದ್ದರೆ ನಾನು ಅಡುಗೆಮನೆಗೆ ಹೋಗಿ ಕೂತುಬಿಡುತ್ತಿದ್ದೆ.

“ಬಾ ಯವ್ವಾ,” ಎಂದರು.

ಅಗಳಿ ಹಾಕಿರಲಿಲ್ಲ. ಅವರು ಬಾಗಿಲಿಗೆ ಬೆನ್ನು ಮಾಡಿ, ಗೋಡೆ ನೋಡುತ್ತ ಕೂತಿದ್ದರು. ಬನಿಯನ್ನಿನ ಲಾಡಿ ಬಿಚ್ಚಿದ್ದರು. ನಾನು ಗ್ಲೌಸು ಹಾಕಿಕೊಂಡು, ಬೆರಳ ತುದಿಗೆ ಮುಲಾಮು ತೆಗೆದುಕೊಂಡು, ನೋಯಬಾರದೆಂದು ಗರಿ ಸವರಿದ ಹಾಗೆ ಹಚ್ಚಿದೆ. ಅವರು ಮಂಚದ ಅಂಚು ಹಿಡಿದು ಮೈ ಸೆಟೆಸಿದರು. “ಹಂಗಲ್ಲ. ಒತ್ತಿ ಹಚ್ಚು. ಮೆಲ್ಲಗ ಹಚ್ಚಿದ್ರನ ಉರೀತೈತಿ.” ಅಂಗೈ ಊರಿ, ಬೆನ್ನೆಲುಬಿನಿಂದ ಬಗಲವರೆಗೆ ಒತ್ತಿ ತಂದೆ. ಅವರ ಉಸಿರು ನಿಂತು, ಮತ್ತೆ ಬಂತು. “ಹ್ಞಾಂ, ಹಿಂಗ,” ಎಂದರು. ಮುಗಿಸಿ ಹೊರಗೆ ಬಂದು ಹಿತ್ತಿಲಲ್ಲಿ ಗ್ಲೌಸು ಕಳಚುವಾಗ ನನ್ನ ಜಂಪರು ಬೆವರಿನಿಂದ ತೊಯ್ದಿತ್ತು.

ಅಲ್ಲಿಂದ ಮುಂದೆ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಗುಳಿಗೆ ಒಂದು ಹಂತಕ್ಕೆ ಏರಿಸಿದಾಗ ಕಾಲು ಊದಿದವು, ಹಗಲೆಲ್ಲ ಮಂಪರು. ಡಾಕ್ಟರು ಮತ್ತೆ ಇಳಿಸಿದರು. ಮಳೆಗಾಲದಲ್ಲಿ ಬನಿಯನ್ ಒಣಗದೆ ಹಸಿಯಾಗಿಯೇ ಹಾಕಿದ ಒಂದು ದಿನ ಮಾವ ಊಟದ ತಾಟನ್ನು ಗೋಡೆಗೆ ಎಸೆದರು. ಗಂಡ, “ನಾವೇನ ಮನಷ್ಯಾರಲ್ಲೇನು?” ಎಂದು ಕೂಗಾಡಿದರು. ಇಬ್ಬರೂ ಎರಡು ದಿನ ಮಾತಾಡಲಿಲ್ಲ. ನಾನು ಮೆತ್ತಿದ ಅನ್ನ ಬಳಿದು, ಇನ್ನೂ ಎರಡು ಬನಿಯನ್ ಹೊಲಿದೆ. ಮೂರನೆಯ ದಿನ ಗಂಡ ಪಾಳಿ ಮುಗಿಸಿ ಬಂದವರು ಕೈ ತೊಳೆದುಕೊಂಡು ಒಳಗೆ ಹೋಗಿ ಅಪ್ಪನಿಗೆ ಮುಲಾಮು ಹಚ್ಚಿದರು. ಮಾವ ಬೆನ್ನು ಒಡ್ಡಿ ಕೂತರು. ನಿದ್ದೆ ಮಾತ್ರ ದಿನ ಕಳೆದಂತೆ ಸುಧಾರಿಸಿತು. ನಿದ್ದೆ ಬಂದ ಮರುದಿನ ನೋವು ತಡೆಯುವ ಶಕ್ತಿಯೂ ಇರುತ್ತಿತ್ತು. ಬನಿಯನ್ನಿನ ಮೇಲೆ ಅಂಗಿಯ ಎರಡು ಗುಂಡಿ ಹಾಕಿಕೊಂಡು ಸಂಜೆ ಪಡಸಾಲೆಗೆ ಬರತೊಡಗಿದರು.

ಹೊಲದಲ್ಲಿ ಬೆಳೆಗೆ ಪೂಜೆ ಮಾಡುವ ಸೀಗಿ ಹುಣ್ಣಿಮೆಗೆ ತೇರಗಾಂವದ ಹೊಲಕ್ಕೆ ಬರಲೇಬೇಕೆಂದು ಅತ್ತಿ ಹೇಳಿ ಕಳಿಸಿದರು. ಗಂಡನಿಗೆ ರಜೆ ಸಿಗಲಿಲ್ಲ. ನಾವು ಹೋಗುವುದು ಬೇಡ ಎಂದು ನಾನು ಅಂದುಕೊಂಡಿದ್ದೆ. ಮಾವ, “ಹೋಗೂಣು,” ಎಂದರು. ಬೆಳಗಿನ ಬಸ್ಸಿನಲ್ಲಿ ಅವರನ್ನು ಎಡಗಡೆಯ ಸೀಟಿನ ಕಿಟಕಿಗೆ ಕೂಡಿಸಿದೆ. ಎಡಮೈಗೂ ಬಸ್ಸಿನ ತಗಡಿಗೂ ನಡುವೆ ಚೀಲದಲ್ಲಿ ತಂದಿದ್ದ ದಿಂಬು ಇಟ್ಟೆ. ಬಲಗಡೆ ನಾನು ಕೂತೆ. ಮಗಳು ನನ್ನ ತೊಡೆಯ ಮೇಲೆ. ಹಬ್ಬದ ದಿನ, ಬಸ್ಸು ತುಂಬಿ ತುಳುಕುತ್ತಿತ್ತು. ಪ್ರತಿ ತಿರುವಿನಲ್ಲೂ ನಿಂತವರೆಲ್ಲ ನಮ್ಮ ಮೇಲೆ ವಾಲುತ್ತಿದ್ದರು. ನಾನು ಮುಂದಿನ ಸೀಟಿನ ಸರಳು ಹಿಡಿದು ಅವರ ಭಾರ ತಡೆಯುತ್ತಿದ್ದೆ. ಮಾವ ಕಣ್ಣು ಮುಚ್ಚಿದ್ದರು. ಹಣೆಯ ಮೇಲೆ ಬೆವರು ಕೂಡುತ್ತಿತ್ತು. ತಿರುಗಿ ಹೋಗಲು ದಾರಿಯಿಲ್ಲದೆ ನಾನು ಊರು ಬರುವುದನ್ನೇ ಕಾಯುತ್ತಿದ್ದೆ.

ಹಳಿಯಾಳದಲ್ಲಿ ಇಳಿದಾಗ ತೇರಗಾಂವದ ಬಸ್ಸು ಎದುರಿಗೇ ನಿಂತಿತ್ತು. ಕಂಡಕ್ಟರ್ ಸೀಟಿ ಊದುತ್ತಿದ್ದ. ಮಾವ ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟರು. “ಬಂತ ನೋಡು ನೋವು,” ಎಂದರು. ಮುಖ ಬೂದಿಬಣ್ಣಕ್ಕೆ ತಿರುಗಿತ್ತು.

“ಕುಂಡ್ರೂಣೇನ್ರಿ?”

“ಹ್ಞೂಂ. ಬಸ್ಸು ಹೋಗ್ಲಿ.”

ಬಸ್‌ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತರು. ಜನ ನೋಡುತ್ತಿದ್ದರು. ಮಾವ ತಮ್ಮ ಬಲಅಂಗೈಯನ್ನು ಎಡಪಕ್ಕೆಗೆ ಒತ್ತಿ ಹಿಡಿದು, ಬಾಯಿಂದ ಉದ್ದಕ್ಕೆ ಉಸಿರು ಬಿಡುತ್ತಿದ್ದರು. ನಾನು ಬೆನ್ನಿನ ಭಾಗಕ್ಕೆ ಕೈ ಊರಿದೆ, ಬಸ್‌ಸ್ಟ್ಯಾಂಡಿನ ನಡುವೆ, ಎಲ್ಲರೆದುರಿಗೆ. ಮಗಳು ನೀರಿನ ಬಾಟಲಿ ಹಿಡಿದು ಪಕ್ಕಕ್ಕೆ ನಿಂತಳು. ತೇರಗಾಂವದ ಬಸ್ಸು ಹೊರಟು ಹೋಯಿತು. ಬೇರೆ ಬಸ್ಸುಗಳು ಬಂದವು, ಹೋದವು. ಈ ನೋವು ಇಳಿಯದಿದ್ದರೆ ಇಲ್ಲಿಂದ ಎಲ್ಲಿಗೆ ಒಯ್ಯಲಿ ಎಂದು ನಾನು ಮನಸ್ಸಿನಲ್ಲೇ ದವಾಖಾನೆಯ ದಾರಿ ಹುಡುಕುತ್ತಿದ್ದೆ. ಕೊನೆಗೆ ಅವರ ಭುಜ ಸಡಿಲವಾಯಿತು. ನೀರು ಕುಡಿದು, ಟೊಪ್ಪಿಗೆ ಸರಿಮಾಡಿಕೊಂಡು, “ಮುಂದ ಯಾವ ಬಸ್ಸು ಐತಿ ಕೇಳಿ ಬಾ,” ಎಂದರು.

ನಾವು ಹೊಲ ಮುಟ್ಟುವಾಗ ಪೂಜೆ ಮುಗಿದು, ಹೊಲಕ್ಕೆಲ್ಲ ನೈವೇದ್ಯದ ಚರಗ ಚೆಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದರು. ಅತ್ತಿ ಎದ್ದು ಬಂದು ತಮ್ಮನನ್ನು ಮೇಲಿಂದ ಕೆಳಗೆ ನೋಡಿದರು. ಮುಟ್ಟಲಿಲ್ಲ.

“ಹೆಂಗೈತೋ ತಮ್ಮಾ?”

“ಐತಿ,” ಎಂದರು ಮಾವ. ಬದುವಿನ ಮೇಲೆ ಬಲಗೈ ಊರಿ ಮೆಲ್ಲಗೆ ಕೂತು, ನನ್ನತ್ತ ಕೈ ತೋರಿಸಿದರು. “ಹಸಿವಿ ಆಗೈತಿ. ಮೊದಲ ಈ ನಮ್ಮವ್ವಗ ನೀಡ್ರಿ. ಮುಂಜಾನಿಂದ ಏನೂ ತಿಂದಿಲ್ಲ ಆಕಿ.”